ಬೊಂಡದ ಬಾಗಿ ಮತ್ತು ತಿರುಗುವ ಕೆರೆ

ಹತ್ತೊಂಬತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಉತ್ತರ ಮಾತ್ರ ಬರೆದರೆ ಸೊನ್ನೆ, ಹಂತ ತೋರಿಸಬೇಕು ಎಂದು ಮಕ್ಕಳನ್ನು ದಿನಕ್ಕೆ ನಾಲ್ಕು ಸಲವಾದರೂ ಗದರುತ್ತೇನೆ. ಅಂಥ ನಾನೇ ಕಳೆದ ಫೆಬ್ರವರಿಯಲ್ಲಿ ಒಂದು ಹಂತವನ್ನೂ ನೋಡದೆ ನೇರವಾಗಿ ಉತ್ತರ ಬರೆದೆ. ಆ ಉತ್ತರದ ಹೆಸರು ಬಾಗಿ. ಅವಳ ಅಂಗಡಿ ಎತ್ತಿಸಬೇಕೆಂದು ನಗರಪಾಲಿಕೆಗೆ ಬರೆದ ಪತ್ರವನ್ನು ಟೈಪ್ ಮಾಡಿದವಳು ನಾನು.

ಬಾಗಿಗೆ ಅರವತ್ತೊಂದು. ಶಕ್ತಿನಗರದ ಆಚೆ ಕುಂಟಲಕೆರೆಯ ಪಶ್ಚಿಮ ದಂಡೆಯಲ್ಲಿ, ಒಂದು ಹಳೆಯ ನೇರಳೆ ಮರದ ಕೆಳಗೆ ಎಳನೀರು ಮಾರುತ್ತಾಳೆ. ಎಳನೀರಿಗೆ ನಮ್ಮಲ್ಲಿ ಬೊಂಡ ಎನ್ನುತ್ತಾರೆ, ಹಾಗಾಗಿ ಅವಳು ಊರಿಗೆಲ್ಲ ಬೊಂಡದ ಬಾಗಿ. ಅವಳ ಅತ್ತೆ ಮಾವ ಇದೇ ಕೆರೆಯ ನೀರಿನಲ್ಲಿ ಗದ್ದೆ ಬೇಸಾಯ ಮಾಡಿದವರು. ಗದ್ದೆಗಳು ಸೈಟುಗಳಾದವು, ಸೈಟುಗಳು ಮನೆಗಳಾದವು. ಗಂಡ ಚೆನ್ನಪ್ಪ ಮೊದಲು ತೆಂಗಿನಮರ ಹತ್ತಿ ಬೊಂಡ ಇಳಿಸಿ ಕೊಡುತ್ತಿದ್ದ. ಈಗ ಅವನ ಮೊಣಕಾಲು ಕೇಳುವುದಿಲ್ಲ, ಬೊಂಡ ಟೆಂಪೋದಲ್ಲಿ ಬರುತ್ತದೆ. ಬಾಗಿ ಮಾತ್ರ ಇಪ್ಪತ್ತೆಂಟು ವರ್ಷಗಳಿಂದ ಅದೇ ಮರದ ಕೆಳಗೆ, ನೀರಿಗೆ ಮುಖ ಮಾಡಿ ನಿಂತಿದ್ದಾಳೆ.

ಅವಳು ಬೊಂಡ ಕೆತ್ತುವುದನ್ನು ನೋಡಬೇಕು. ಕತ್ತಿಯ ನಾಲ್ಕೇ ಏಟು. ನಾಲ್ಕನೆಯದಕ್ಕೆ ಬಾಯಿ ತೆರೆದಿರುತ್ತದೆ, ಒಂದು ಹನಿ ಚೆಲ್ಲಿರುವುದಿಲ್ಲ. ನೀವು ಕುಡಿದು ಮುಗಿಸಿದ ಕೂಡಲೇ ಚಿಪ್ಪನ್ನು ಕೈಯಿಂದ ತೆಗೆದುಕೊಂಡು, ಗಂಜಿ, ಅಂದರೆ ಒಳಗಿನ ಎಳೆ ತಿರುಳು, ಬೇಕಾ ಎಂದು ಕೇಳಿ, ಬೇಕಿರಲಿ ಬೇಡವಾಗಿರಲಿ, ಎರಡು ಹೋಳು ಮಾಡಿ ಹಿಂದಕ್ಕೆ ಎಸೆಯುತ್ತಾಳೆ. ಹೋಳುಗಳು ಅಲ್ಲಿ ರಾಶಿಯಾಗಿ ಒಣಗುತ್ತವೆ. ಅವಳ ಮನೆಯ ಸ್ನಾನದ ನೀರು ಕಾಯುವುದು ಅದರಲ್ಲೇ. ಈ ಹೋಳು ಮಾಡುವ ಅಭ್ಯಾಸವನ್ನು ನಾನು ನೂರು ಸಲ ನೋಡಿದ್ದೆ. ನೋಡಿದ್ದೆ ಅಷ್ಟೆ, ತಲೆಗೆ ಹೋಗಿರಲಿಲ್ಲ.

ನಮ್ಮದು ಅವಳ ಅಂಗಡಿಯ ಪಕ್ಕದಲ್ಲೇ ಎದ್ದಿರುವ ಹದಿನಾರು ಮಹಡಿಯ ಬಿಲ್ಡಿಂಗು. ಕೆರೆ ಪಶ್ಚಿಮದಿಂದ ಪೂರ್ವಕ್ಕೆ ಉದ್ದವಾಗಿದೆ. ಪೂರ್ವದ ತುದಿಯಲ್ಲಿ ಹಳೆಯ ತೂಬು, ಉತ್ತರ ದಂಡೆಯಲ್ಲಿ ವಾಹನ ಓಡುವ ರಸ್ತೆ. ನಮ್ಮ ಬಿಲ್ಡಿಂಗು ನೈಋತ್ಯದ ಮೂಲೆಯಲ್ಲಿ. ಅಲ್ಲಿ ನೀರಿಗಿಳಿಯಲು ಕಲ್ಲಿನ ಮೆಟ್ಟಿಲು ಇದೆ, ಸಂಜೆ ಕೂರಲು ಚೆಂದ. ಆದರೆ ಮೂರು ವರ್ಷದ ಹಿಂದೆ ನಾವು ಒಕ್ಕಲು ಬಂದಾಗಿನಿಂದ ಆ ಮೆಟ್ಟಿಲಿನ ಬುಡದಲ್ಲಿ ಬೊಂಡದ ಚಿಪ್ಪುಗಳು ತೇಲುತ್ತಿದ್ದವು. ದಿನಕ್ಕೆ ಐದೋ ಆರೋ, ಕಣ್ಣಿಗೆ ಚುಚ್ಚುವಷ್ಟು. ಅಲ್ಲಿಂದ ಇಪ್ಪತ್ತು ಹೆಜ್ಜೆಯಲ್ಲಿ ಬೊಂಡದ ಅಂಗಡಿ. ಇನ್ನೇನು ಲೆಕ್ಕ ಬೇಕು?

ಅಸೋಸಿಯೇಶನ್‌ನ ಅಧ್ಯಕ್ಷರು ಯೋಗೀಶ್. ಕುವೈತ್‌ನಲ್ಲಿ ದುಡಿದು ಬಂದವರು, ಕೆಟ್ಟವರಲ್ಲ, ಆದರೆ ಯಾವ ಕೆಲಸವೂ ನಾಳೆಗೆ ಉಳಿಯಬಾರದು ಅವರಿಗೆ. ಒಂದು ಭಾನುವಾರ ಅವರೇ ಹೋಗಿ ಬಾಗಿಗೆ ಹೇಳಿ ಬಂದರು: ಕೆರೆಗೆ ಚಿಪ್ಪು ಹಾಕುವುದನ್ನು ನಿಲ್ಲಿಸದಿದ್ದರೆ ಮುಂದಿನ ಸೋಮವಾರ ಪಾಲಿಕೆಗೆ ದೂರು, ಅಂಗಡಿ ಎತ್ತುತ್ತಾರೆ. ಬಾಗಿ ತಲೆ ತಗ್ಗಿಸಿ ಕೇಳಿದಳಂತೆ.

ಮರುದಿನದಿಂದ ಮೂಲೆಯಲ್ಲಿ ಚಿಪ್ಪು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬುಧವಾರದ ಹೊತ್ತಿಗೆ ಮೆಟ್ಟಿಲಿನ ಬುಡದ ನೀರೇ ಕಾಣದಷ್ಟು. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋಗಳು ಬಂದವು. ನನಗೂ ಪಿತ್ತ ನೆತ್ತಿಗೇರಿತು. ಪತ್ರಕ್ಕೆ ನನ್ನದೇ ಒಂದು ಸಾಲು ಸೇರಿಸಿದೆ: "ಎಚ್ಚರಿಕೆ ನೀಡಿದ ನಂತರ ಸದರಿಯವರು ದ್ವೇಷದಿಂದ ಇನ್ನಷ್ಟು ಕಸ ಸುರಿಯುತ್ತಿದ್ದಾರೆ." ಆ "ಸದರಿಯವರು" ಬರೆದಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಪತ್ರವನ್ನು ಮೊದಲು ಓದಿದವರು ರೇಮಂಡ್ ಬಾಪ್ಪು. ಅಪ್ಪನ ತಮ್ಮ. ಆಫ್ರಿಕಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಮ್ವಾಂಝಾ ಎಂಬ ಊರಿನ ಮೀನಿನ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಐಸ್ ಪ್ಲಾಂಟ್ ನೋಡಿಕೊಂಡವರು. ಈಗ ನಮ್ಮ ಜೊತೆ ಹನ್ನೆರಡನೇ ಮಹಡಿಯಲ್ಲಿ, ಬಾಲ್ಕನಿಯ ಕುರ್ಚಿಯಲ್ಲಿ. ಓದಿ ಕನ್ನಡಕ ತೆಗೆದರು.

"ಮೆಲ್ಲಿ, ಅವಳು ಹಾಕುದನ್ನು ನೀನು ನೋಡಿದ್ದೀಯಾ?"

"ನೋಡ್ಲಿಕ್ಕೆ ಎಂತ ಉಂಟು ಬಾಪ್ಪು? ಅಂಗಡಿ ಅಲ್ಲೇ, ಚಿಪ್ಪೂ ಅಲ್ಲೇ."

"ಮ್ವಾಂಝಾದಲ್ಲಿ ನಮ್ಮ ಜೆಟ್ಟಿಯಿಂದ ಬಿದ್ದ ಪ್ಲಾಸ್ಟಿಕ್ ಕ್ರೇಟ್ ನಮ್ಮ ಜೆಟ್ಟಿಯಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ. ನೀರು ಬಿದ್ದಲ್ಲೇ ಇಟ್ಕೊಳ್ಳುದಿಲ್ಲ ಮಾರಾಯ್ತಿ."

ಆಮೇಲೆ ಅವರು ಚಹಾವನ್ನು ಬಸಿಗೆ ಸುರಿದರು. ಕೆನೆ ಕಟ್ಟುವ ತನಕ ಬಿಟ್ಟು, ಬಸಿಯ ಒಂದೇ ಅರ್ಧದ ಮೇಲೆ ಮೆಲ್ಲನೆ ಊದಿದರು. ಕೆನೆ ಊದಿದ ಕಡೆಯಲ್ಲಿ ಆಚೆ ಅಂಚಿಗೆ ಹೋಯಿತು, ಅಲ್ಲಿ ನಿಲ್ಲಲಿಲ್ಲ, ಊದದೆ ಬಿಟ್ಟ ಇನ್ನೊಂದು ಅರ್ಧದಲ್ಲಿ ಅವರ ಕಡೆಗೇ ತಿರುಗಿ ಬಂತು. ನಾನು ಬಸಿಯನ್ನು ಕಸಿದು ನಾನೂ ಊದಿದೆ. ಬಂತು. ಇನ್ನೊಮ್ಮೆ ಊದಿದೆ. ಮತ್ತೆ ಬಂತು. ಚಹಾ ತಣ್ಣಗಾಗಿ ಹೋಯಿತು.

ದೊಡ್ಡ ಸರೋವರಗಳಲ್ಲಿ ಆಗುವುದೂ ಇದೇ ಎಂದರು ಬಾಪ್ಪು. ಗಾಳಿ ಮೇಲಿನ ನೀರನ್ನು ತಳ್ಳಿಕೊಂಡು ಹೋಗುತ್ತದೆ, ಎದುರು ದಡದಲ್ಲಿ ಮಟ್ಟ ತುಸು ಏರುತ್ತದೆ. ಏರಿದ ನೀರು ಸುಮ್ಮನೆ ಕೂರುವುದಿಲ್ಲ, ಅಡಿಯಿಂದಲೋ ಪಕ್ಕದಿಂದಲೋ ವಾಪಸು ಬರಬೇಕು. ಒಂದು ಕಡೆ ಬೆಟ್ಟ ಅಡ್ಡ ಬಂದು ಗಾಳಿ ಎಲ್ಲೆಡೆ ಒಂದೇ ಸಮ ಬೀಸದಿದ್ದರೆ, ಗಾಳಿ ಇರುವ ಕಡೆ ಹೋಗಿ ಇಲ್ಲದ ಕಡೆಯಿಂದ ಬಂದು ಸರೋವರವೇ ಸುತ್ತು ಹಾಕತೊಡಗುತ್ತದೆ. ಭೂಮಧ್ಯರೇಖೆಯಿಂದ ದೂರದ ಸರೋವರಗಳಾದರೆ ಭೂಮಿ ತಿರುಗುವುದೂ ಆ ನೀರನ್ನು ಒಂದು ಬದಿಗೆ ಎಳೆಯುತ್ತದೆ. ವಿಕ್ಟೋರಿಯಾ ಆ ರೇಖೆಯ ಮೇಲೇ ಇರುವುದರಿಂದ ಅಲ್ಲಿ ಆ ಎಳೆತ ಇಲ್ಲವೆನ್ನುವಷ್ಟು ಕಡಿಮೆ, ಗಾಳಿಯದ್ದೇ ಕಾರುಬಾರು. ಕೆಲವು ದಿನ ಗಾಳಿ ಮೇಲಿನ ನೀರನ್ನೆಲ್ಲ ದೂರ ತಳ್ಳಿ, ಮೀನಿಗೆ ಉಸಿರಾಡಲಾಗದಂಥ ಆಳದ ನೀರು ಮೇಲೆ ಬಂದು, ಬೆಳಿಗ್ಗೆ ದಡದ ತುಂಬ ಸತ್ತ ಮೀನು ಇರುತ್ತಿತ್ತಂತೆ. ಯಾರೋ ವಿಷ ಹಾಕಿದ್ದಾರೆಂದು ಹೊಸಬರು ಜಗಳಕ್ಕೆ ನಿಲ್ಲುತ್ತಿದ್ದರಂತೆ.

"ನಿಮ್ಮ ಹಾಗೆ," ಎಂದು ಸೇರಿಸಿದರು.

ನಾನು ಎದ್ದು ಬಾಲ್ಕನಿಯಿಂದ ಕೆಳಗೆ ನೋಡಿದೆ. ಮಧ್ಯಾಹ್ನದ ಪಡುಗಾಳಿ ಕಡಲಿನಿಂದ ಬೀಸುತ್ತಿತ್ತು. ಕೆರೆಯ ಉತ್ತರದ ಅರ್ಧ ಸಣ್ಣ ತೆರೆಗಳಿಂದ ಒರಟಾಗಿತ್ತು. ದಕ್ಷಿಣದ ಅರ್ಧ, ನಮ್ಮ ಕಡೆಯದ್ದು, ನುಣ್ಣಗೆ. ನಡುವೆ ಗೆರೆ ಎಳೆದ ಹಾಗಿತ್ತು. ಗಾಳಿಗೆ ಅಡ್ಡ ನಿಂತ ಬೆಟ್ಟ ಯಾವುದೆಂದು ಆಗ ಹೊಳೆಯಿತು. ನಾನು ಅದರ ಹನ್ನೆರಡನೇ ಮಹಡಿಯಲ್ಲೇ ನಿಂತಿದ್ದೆ.

ಹೊಳೆದದ್ದು ಸಾಕ್ಷಿಯಲ್ಲ. ಸೋಮವಾರ ಪತ್ರ ಹೋಗುತ್ತದೆ, ಹೋದರೆ ಬಾಗಿ ಮರದ ಕೆಳಗಿನಿಂದ ಏಳಬೇಕು. ಉತ್ತರದ ರಸ್ತೆಯಲ್ಲಿ ಒಂದು ಪಿಕಪ್ ನಿಲ್ಲಿಸಿಕೊಂಡು ಯಾರೋ ಬೊಂಡ ಮಾರುವುದುಂಟು. ಕುಡಿದವರು ಚಿಪ್ಪನ್ನು ನೀರಿಗೆ ಬೀಸಿ ಕಾರು ಹತ್ತುತ್ತಾರೆ. ಆ ಚಿಪ್ಪುಗಳೇ ಸುತ್ತಿ ನಮ್ಮ ಮೂಲೆಗೆ ಬರುತ್ತವೆಂದು ತೋರಿಸಬೇಕಿತ್ತು. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬಂದೆ. ಬಾಪ್ಪು ಆಗಲೇ ಮನೆಯ ಮೂಲೆಯಲ್ಲಿದ್ದ ಹತ್ತು ಒಣ ತೆಂಗಿನಕಾಯಿಗೆ ಕೆಂಪು ಬಣ್ಣ ಬಳಿದು ಇಟ್ಟಿದ್ದರು. ನಮ್ಮ ಊರಿನವರಿಗೆ ತೇಲುವ ವಸ್ತು ಬೇಕೆಂದರೆ ಮೊದಲು ಕೈ ಹೋಗುವುದು ತೆಂಗಿನಕಾಯಿಗೆ. ಯೋಗೀಶ್ ಅವರನ್ನೂ ಕರೆದೆವು.

ಉತ್ತರದ ದಂಡೆಯಿಂದ ಹತ್ತೂ ಕಾಯಿ ಬಿಟ್ಟೆವು. ಅವು ಕೆಂಪಗೆ ತಲೆ ಎತ್ತಿಕೊಂಡು, ಶಾಲೆ ಬಿಟ್ಟ ಮಕ್ಕಳ ಹಾಗೆ ಪೂರ್ವಕ್ಕೆ ಓಡಿದವು. ಒಂದು ಗಂಟೆಯೊಳಗೆ ತೂಬಿನ ಹತ್ತಿರ ಹತ್ತೂ ಸಾಲಾಗಿ ನಿಂತವು. ಇನ್ನೊಂದು ಗಂಟೆ ಕಾದೆವು. ಒಂದೂ ಅಲುಗಲಿಲ್ಲ. ಮತ್ತೂ ಒಂದು ಗಂಟೆ. ಯೋಗೀಶ್ ಫೋಟೋ ತೆಗೆದರು.

"ಅಂಕಲ್, ಬೇಜಾರು ಮಾಡ್ಬೇಡಿ. ಆಚೆ ಬದಿ ಹಾಕಿದ್ದು ತೂಬಿಗೆ ಹೋಗ್ತದೆ ಅಂತ ನೀವೇ ತೋರ್ಸಿ ಕೊಟ್ರಿ. ಹಾಗಾದ್ರೆ ನಮ್ಮ ಮೂಲೆಯದ್ದು ಯಾರದ್ದು ಮಾರಾಯ್ರೆ?"

ಬಾಗಿಯನ್ನು ಉಳಿಸಲು ಹೊರಟು ನಾವು ಅವಳ ಮೇಲಿನ ದೂರಿಗೆ ಇನ್ನೊಂದು ಪುರಾವೆ ಕೊಟ್ಟು ಬಂದಿದ್ದೆವು. ಫೋಟೋ ಆಗಲೇ ಗುಂಪಿಗೆ ಹೋಗಿತ್ತು. ಅವಳ ಅಂಗಡಿಯ ಮುಂದಿನಿಂದ ಹಾದು ಹೋಗಲು ನನಗೆ ನಾಚಿಕೆಯಾಗಿ ಆಚೆ ಗೇಟಿನ ಕಡೆ ತಿರುಗಿದೆ. ಅವಳೇ ಕರೆದಳು. ತುಳುವರು ಇಲ್ಲಿ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಲು ಎನ್ನುತ್ತಾರೆ.

"ಪೊರ್ಬುಲೇ, ಕೆಂಪು ಕಾಯಿ ಬಿಟ್ಟದ್ದು ಎಂತಕ್ಕೆ?"

ಬಾಪ್ಪು ಎಲ್ಲವನ್ನೂ ಹೇಳಿದರು, ಬಸಿಯ ಚಹಾ ಸಮೇತ. ಅವಳು ಕತ್ತಿಯನ್ನು ಮರಕ್ಕೆ ಒರಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾವು ಅವಳ ಅನ್ನಕ್ಕೆ ಕೈ ಹಾಕಿದ್ದ ವಾರದಲ್ಲಿ ಅವಳು ಹಾಗೆ ನಗಬಲ್ಲಳೆಂದು ನಾನು ಎಣಿಸಿರಲಿಲ್ಲ.

"ಒಣಕಾಯಿ ನೀರಿನ ಮಾತು ಕೇಳುದಿಲ್ಲ, ಅದು ಗಾಳಿಯ ಮಾತು ಕೇಳುದು. ಅರ್ಧಕ್ಕರ್ಧ ಮೇಲೆ ಉಂಟಲ್ಲ, ಗಾಳಿ ಹಿಡೀತದೆ. ಬೊಂಡದ ಚಿಪ್ಪಿಗೆ ಬಾಯಿ ಉಂಟು, ನೀರು ತುಂಬ್ತದೆ, ಮುಳುಗಿಯೇ ಇರ್ತದೆ, ಬರೀ ನೆತ್ತಿ ಕಾಣ್ತದೆ. ಅದು ನೀರು ಹೋದಲ್ಲಿಗೆ ಹೋಗ್ತದೆ. ನಮ್ಮ ಕೆರೆ ತಿರುಗ್ತದೆ ಪೊರ್ಬುಲೇ. ನಿಮ್ಮ ಬಿಲ್ಡಿಂಗ್ ಹತ್ತು ಮಾಳಿಗೆ ಆದಾಗ ತಿರುಗ್ಲಿಕ್ಕೆ ಸುರು ಆದದ್ದು. ಮೊದ್ಲು ಈ ಮರದ ಎಲೆ ಬಿದ್ರೆ ಸೀದ ತೂಬಿಗೆ. ಈಗ ಒಂದು ಸುತ್ತು ಹೋಗಿ ಸಂಜೆಗೆ ನನ್ನ ಕಾಲ ಬುಡಕ್ಕೇ ಬರ್ತದೆ."

ಬಾಪ್ಪು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. ಮ್ವಾಂಝಾದಲ್ಲಿ ತೇಲುವ ಅಂತರಗಂಗೆಯ ಕಳೆ ಎಲೆ ಎತ್ತಿಕೊಂಡು ಗಾಳಿಯ ಹಿಂದೆ ಹೋಗುವುದನ್ನೂ, ಅದರ ಅಡಿಯಲ್ಲೇ ನೀರು ತುಂಬಿದ ಕ್ರೇಟು ಬೇರೆ ದಾರಿ ಹಿಡಿಯುವುದನ್ನೂ ಇಪ್ಪತ್ತೆರಡು ವರ್ಷ ಕಣ್ಣಾರೆ ಕಂಡವರು ಅವರು. ಆಮೇಲೆ ಒಂದು ಗಂಟೆ ಇಬ್ಬರೂ ನನ್ನನ್ನು ಮರೆತರು. ಆ ದೊಡ್ಡ ಕೆರೆಯ ಆಚೆ ದಡ ಕಾಣುತ್ತದಾ, ಇಲ್ಲದಿದ್ದರೆ ದೋಣಿಯವರಿಗೆ ದಾರಿ ಹೇಗೆ ಗೊತ್ತು, ಗಾಳಿ ನಿಂತ ಕೂಡಲೇ ಏರಿದ ನೀರು ಏನು ಮಾಡುತ್ತದೆ ಎಂದು ಬಾಗಿ ಕೇಳುತ್ತಲೇ ಹೋದಳು. ಕೊನೆಯದಕ್ಕೆ ಬಾಪ್ಪು, ಬಕೆಟಿನ ನೀರಿನ ಹಾಗೆ ಆಚೆ ಈಚೆ ತುಳುಕುತ್ತದೆ, ಅಷ್ಟು ದೊಡ್ಡ ಸರೋವರದಲ್ಲಿ ಒಂದು ಸಲ ಹೋಗಿ ಬರಲು ಗಂಟೆಗಟ್ಟಲೆ ಬೇಕು ಎಂದರು. ಬಾಗಿ ಸ್ವಲ್ಪ ಹೊತ್ತು ಕೆರೆಯನ್ನೇ ನೋಡಿ, "ಇಲ್ಲಿಯೂ ತುಳುಕ್ತದೆ, ಗಾಳಿ ನಿಂತ ಮೇಲೆ ಮೆಟ್ಟಿಲಿನ ಪಾಚಿಯಲ್ಲಿ ನೋಡ್ಬೇಕು, ಒಂದು ಬೆರಳು," ಎಂದಳು. ನನ್ನ ತರಗತಿಯಲ್ಲಿ ಇಂಥ ಒಂದು ಮಗು ಇದ್ದಿದ್ದರೆ ನಾನು ಪುಣ್ಯವಂತೆ.

ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಬಂದು ನೇರ ಅಂಗಡಿಗೆ ಹೋದೆವು. ಸಂಜೆ ಆರಕ್ಕೆ ಅಸೋಸಿಯೇಶನ್ ಸಭೆ, ಪತ್ರಕ್ಕೆ ಸಹಿ ಬೀಳುವುದು ಅಲ್ಲಿ. ಹನ್ನೆರಡು ಬೊಂಡ ಕೆತ್ತಿಸಿದೆವು. ನಾನು ಎರಡು ಕುಡಿದೆ, ಬಾಪ್ಪು ಮೂರು, ಉಳಿದದ್ದನ್ನು ನಡೆದಾಡಲು ಬಂದವರಿಗೆ ಕೊಟ್ಟು ಚಿಪ್ಪು ವಾಪಸು ಪಡೆದೆ. ಗುರುತಿಗೆಂದು ಬಾಗಿ ಪ್ರತಿಯೊಂದರ ಹೊಟ್ಟೆಯ ಮೇಲೆ ಕತ್ತಿಯಿಂದ ಎರಡು ಅಡ್ಡ ಗೀರು ಹಾಕಿದಳು. ಹಾಕುತ್ತ ಗೊಣಗಿದಳು:

"ಹೋಳು ಮಾಡದೆ ಬಿಡ್ಲಿಕ್ಕೆ ಕೈಯೇ ಬರುದಿಲ್ಲ."

ಆಗ ನನಗೆ ಸರಿಯಾಗಿ ಬಡಿಯಿತು. ಅವಳ ಕೈಯಿಂದ ಇಡೀ ಚಿಪ್ಪು ಹೊರಗೆ ಹೋಗುವುದೇ ಇಲ್ಲ. ಮೂಲೆಯಲ್ಲಿ ತೇಲುತ್ತಿದ್ದವೆಲ್ಲವೂ ಇಡೀ ಚಿಪ್ಪುಗಳು. ಮೂರು ವರ್ಷ ನಾನು ಅವುಗಳ ಮೇಲೆ ಸಿಟ್ಟು ಮಾಡಿದ್ದೆ, ಒಂದನ್ನಾದರೂ ನೆಟ್ಟಗೆ ನೋಡಿರಲಿಲ್ಲ.

ಯಾರೂ ಬಾಗಿಯ ಕೈವಾಡ ಅನ್ನಬಾರದೆಂದು ಅವಳು ಅಂಗಡಿಯಲ್ಲೇ ನಿಂತಳು. ಹನ್ನೊಂದೂವರೆಗೆ, ಯೋಗೀಶ್ ಅವರ ಎದುರಿಗೇ, ನಾನೇ ಉತ್ತರದ ರಸ್ತೆಯಿಂದ ಹನ್ನೆರಡನ್ನೂ ನೀರಿಗೆ ಬಿಟ್ಟೆ. ಅವು ಓಡಲಿಲ್ಲ. ನೆತ್ತಿ ಮಾತ್ರ ತೋರಿಸುತ್ತ, ಯಾವುದೋ ಯೋಚನೆಯಲ್ಲಿ ಇರುವವರಂತೆ ಪೂರ್ವಕ್ಕೆ ಹೊರಟವು. ಎರಡು ಗಂಟೆಗೆ ತೂಬಿನ ಹತ್ತಿರ ಇದ್ದವು. ಯೋಗೀಶ್ ವಾಚು ನೋಡಿ ಊಟಕ್ಕೆ ಹೋದರು.

ನಾನು ಮೆಟ್ಟಿಲಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದೆ. ಎರಡೂವರೆಗೆ ಒಂದು ಚಿಪ್ಪು ದಂಡೆಯಿಂದ ಬಿಡಿಸಿಕೊಂಡಿತು. ದಕ್ಷಿಣಕ್ಕೆ ಸರಿಯಿತು. ಆಮೇಲೆ, ಗಾಳಿ ನನ್ನ ಬೆನ್ನ ಹಿಂದಿನ ಮರದ ತುದಿಯಲ್ಲಿ ಸುಯ್ಯೆನ್ನುತ್ತಿರುವಾಗಲೇ, ಆ ಗಾಳಿಗೆ ಎದುರಾಗಿ ನನ್ನ ಕಡೆಗೆ ಬರತೊಡಗಿತು. ನಾನು ಎದ್ದು ನಿಂತೆ. ನಲವತ್ತಮೂರು ವರ್ಷದ ಹೆಂಗಸು, ಚರ್ಚಿಗೆ ಉಟ್ಟ ಸೀರೆಯಲ್ಲಿ, ಒಂದು ಬೊಂಡದ ಚಿಪ್ಪಿಗಾಗಿ "ಬಾ, ಬಾ" ಎಂದು ಪಿಸುಗುಟ್ಟುತ್ತಿದ್ದೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಎರಡು. ನಮ್ಮ ಬಿಲ್ಡಿಂಗಿನ ನೆರಳಿನಲ್ಲಿ, ನುಣ್ಣಗಿನ ನೀರಿನ ಮೇಲೆ, ಆಮೆಯ ನಡಿಗೆಯಲ್ಲಿ.

ಐದೂ ಮುಕ್ಕಾಲಿಗೆ ಮೆಟ್ಟಿಲಿನ ಬುಡದಲ್ಲಿ, ವಾರದ ಚಿಪ್ಪುಗಳ ನಡುವೆ, ಎರಡು ಗೀರಿನ ಒಂಬತ್ತು ಚಿಪ್ಪುಗಳು ಇದ್ದವು. ಎರಡು ತೂಬಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿದ್ದವು, ಒಂದು ಕಾಣಲಿಲ್ಲ. ಯೋಗೀಶ್ ಬಗ್ಗಿ ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ಎರಡು ಸಲ.

"ತೆಗೀಲಿಕ್ಕೆ ಕೋಲು ಎಂತಾದ್ರೂ ಉಂಟಾ ಬಾಗಿಯಕ್ಕ?" ಎಂದು ನಾನು ಕೂಗಿದೆ.

ಅವಳು ನೇರಳೆ ಮರದ ಕವಲಿನಿಂದ ಒಂದು ಉದ್ದನೆಯ ಬಿದಿರು ತೆಗೆದಳು. ತುದಿಗೆ ಕಬ್ಬಿಣದ ಕೊಕ್ಕೆ. ಹಿಡಿಯುವ ಜಾಗ ಕೈ ತಾಗಿ ತಾಗಿ ಮಿರಿಮಿರಿ ಮಿಂಚುತ್ತಿತ್ತು. ಮೊದಲ ಚಿಪ್ಪನ್ನು ಅವಳು ಎಷ್ಟು ಸಲೀಸಾಗಿ ಎಳೆದಳೆಂದರೆ, ಇದು ಅವಳಿಗೆ ಹೊಸ ಕೆಲಸವಲ್ಲವೆಂದು ಯಾರಿಗಾದರೂ ಗೊತ್ತಾಗುವಂತಿತ್ತು.

"ಇದು ಯಾವಾಗಿಂದ ಉಂಟು?" ಕೇಳಿದೆ.

"ಮೂರು ವರ್ಷ ಆಯ್ತು. ಬೆಳಿಗ್ಗೆ ಅಂಗಡಿ ಇಡುವ ಮೊದ್ಲು ತೆಗೀತೇನೆ. ಇಪ್ಪತ್ತು, ಮೂವತ್ತು ಇರ್ತದೆ. ಒಣಗಿಸಿದ್ರೆ ಒಲೆಗೆ ಆಗ್ತದೆ. ಆಮೇಲೆ ಹಗಲಿಗೆ ಬಂದದ್ದು ಮಾತ್ರ ನಿಮ್ಗೆ ಕಾಣುದು."

ಬಾಪ್ಪು ಮೆಲ್ಲಗೆ ಕೇಳಿದರು, ಈ ವಾರ?

"ಈ ವಾರ ತೆಗೀಲಿಲ್ಲ ಪೊರ್ಬುಲೇ. ಹೆದರಿಕೆ ಆಯ್ತು. ನೀರಿನ ಹತ್ರ ನನ್ನನ್ನು ಯಾರಾದ್ರೂ ನೋಡಿದ್ರೆ, ಹಾಕ್ಲಿಕ್ಕೆ ಬಂದದ್ದು ಅಂತ ಹೇಳ್ತಾರಲ್ಲ."

ದ್ವೇಷದಿಂದ ಇನ್ನಷ್ಟು ಕಸ. ನಾನು ಬರೆದ ಸಾಲು. ಅವಳ ಅಂಗಡಿಯ ಹಿಂದಿನ ರಾಶಿಯನ್ನು, ಅವಳು ಮಾರುವುದಕ್ಕಿಂತ ದೊಡ್ಡದಿದ್ದ ಆ ರಾಶಿಯನ್ನು, ನಾವು ಫೋಟೋ ತೆಗೆದು ಪತ್ರಕ್ಕೆ ಲಗತ್ತಿಸಿದ್ದೆವು. ನಮ್ಮ ಮೂಲೆಯನ್ನು ಮೂರು ವರ್ಷ ಗುಡಿಸಿದ್ದರ ಗುರುತು ಅದು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಬಾಗಿಯಕ್ಕ?"

"ನೀವು ಯಾರೂ ಕೇಳ್ಲಿಲ್ಲ ಟೀಚರ್," ಎಂದಳು. ಕುಹಕ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೇಳಿದ್ದು ಪೊರ್ಬುಲು ಒಬ್ರೇ."

ಸಭೆಯಲ್ಲಿ ನಾನು ಎದ್ದು ನಿಂತು ಹಂತ ಹಂತವಾಗಿ ಹೇಳಿದೆ, ಬೋರ್ಡಿನ ಮುಂದೆ ಹೇಳುವ ಹಾಗೆ. ಗಾಳಿ ಎಲ್ಲಿಂದ, ಅಡ್ಡ ಯಾವುದು, ನೀರು ಎತ್ತ, ಚಿಪ್ಪು ಎತ್ತ. ಕೊನೆಗೆ, ಕಸ ತಂದದ್ದು ಬಾಗಿಯಲ್ಲ, ನಮ್ಮ ಬಿಲ್ಡಿಂಗು ತಡೆದ ಗಾಳಿ. ಅದನ್ನು ತೆಗೆಯುತ್ತಿದ್ದವಳು ಬಾಗಿ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಬಿಲ್ಡಿಂಗ್ ಕೆಡವುದಾ ಟೀಚರ್?" ಎಂದರು. ಎಲ್ಲರೂ ನಕ್ಕರು. ಯೋಗೀಶ್ ನಗಲಿಲ್ಲ. ಪತ್ರವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು, ನೆಲಕ್ಕೆ ಹಾಕಲಿಲ್ಲ. ಪಾಲಿಕೆಗೆ ಬೇರೆ ಪತ್ರ ಹೋಗಲಿ, ಉತ್ತರದ ರಸ್ತೆಗೆ ಬಲೆಯೂ ಕಸದ ತೊಟ್ಟಿಯೂ ಬೇಕೆಂದು, ಬರೆಯುವವರು ಮೆಲಿಸಾ ಟೀಚರೇ ಆಗಲಿ ಎಂದರು. ಈ ಸಲ "ಸದರಿಯವರು" ಹಾಕಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಕೆಳಗಿಳಿದೆ. ಬಾಗಿ ಮೆಟ್ಟಿಲಲ್ಲಿ ಕೊಕ್ಕೆ ಹಿಡಿದು ನಿಂತಿದ್ದಳು. ಒಂದು ವಾರದ ಚಿಪ್ಪು ಇತ್ತು ನೀರಲ್ಲಿ. ನಾನು ಕೈ ಚಾಚಿದೆ.

"ಸೀರೆ ನೀರು ತಾಗಿ ಚಂಡಿ ಆಗ್ತದೆ ಟೀಚರ್."

"ಆಗ್ಲಿ. ನನ್ನಿಂದ ದೊಡ್ಡ ತಪ್ಪಾಗಿದೆ ಬಾಗಿಯಕ್ಕ. ಆ ಪತ್ರ ಬರೆದದ್ದು ನಾನು."

"ಗೊತ್ತುಂಟು," ಎಂದಳು ಅವಳು. ಬಿದಿರನ್ನು ನನ್ನ ಕೈಗಿಟ್ಟು, ಎಲ್ಲಿ ಹಿಡಿಯಬೇಕೆಂದು ತೋರಿಸಿದಳು.

ಮೊದಲ ನಾಲ್ಕು ಸಲ ಕೊಕ್ಕೆ ಜಾರಿತು. ಐದನೆಯದಕ್ಕೆ ಒಂದು ಚಿಪ್ಪು ಸಿಕ್ಕಿತು. ಎಳೆದು ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಎರಡು ಅಡ್ಡ ಗೀರು. ನಿನ್ನೆ ಕಾಣದೆ ಹೋಗಿದ್ದದ್ದು, ನಾವೆಲ್ಲ ಮನೆಗೆ ಹೋದ ಮೇಲೆ ಒಂಟಿಯಾಗಿ ಸುತ್ತಿ ಬಂದು ಮುಟ್ಟಿತ್ತು. ಬಾಗಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೆಟ್ಟಿಲ ಮೇಲಿಟ್ಟು, ಒಂದೇ ಏಟಿಗೆ ಎರಡು ಹೋಳು ಮಾಡಿದಳು.